ಕಿಟಕಿ ತಿರುಗಿಸಿದರೆ ಕಿಟಕಿ ಬರಲಿಲ್ಲ

ಅಕ್ಕನ ಮಗಳು ನಾಲ್ಕನೇ ಕ್ಲಾಸು. ರಜೆಗೆ ನಮ್ಮ ಮನೆಗೆ ಬಂದವಳು ಫೋನಿನಲ್ಲಿ ಇಂಗ್ಲಿಷ್ ಪದಗಳ ಆಟ ಆಡುತ್ತಾ ಕೂತಿರುತ್ತಿದ್ದಳು. ಒಂದು ದಿನ "ಇದು ಕನ್ನಡದಲ್ಲಿ ಇಲ್ವಾ ಮಾಮ?" ಅಂತ ಕೇಳಿದಳು. ಹುಡುಕಿದೆ. ಅವಳಿಗೆ ಹಿಡಿಸುವಂಥದ್ದು ಸಿಗಲಿಲ್ಲ. ಸರಿ, ನಾನೇ ಮಾಡಿಕೊಡುತ್ತೇನೆ ಅಂದೆ.

ನನ್ನ ಕೆಲಸ ವೆಬ್‌ಸೈಟ್ ಕಟ್ಟುವುದು. ದಿನವಿಡೀ ಜಾವಾಸ್ಕ್ರಿಪ್ಟ್ ಬರೆಯುತ್ತೇನೆ. ಆಟ ಮಾಡಿ ಅಭ್ಯಾಸ ಇರಲಿಲ್ಲ. ಆಟ ಕಟ್ಟಲು ಬಳಸುವ ಗೊಡೋ ಅನ್ನುವ ಸಾಫ್ಟ್‌ವೇರ್ (ಗೇಮ್ ಎಂಜಿನ್) ಆರಿಸಿಕೊಂಡೆ. ಅರ್ಜೆಂಟೀನಾದ ಇಬ್ಬರು ಶುರು ಮಾಡಿದ ಎಂಜಿನ್ ಇದು. 2014ರಿಂದ ಅದರ ಕೋಡ್ ಎಲ್ಲರಿಗೂ ಮುಕ್ತ, ಕಾಸು ಕೊಡಬೇಕಾಗಿಲ್ಲ. ನನಗೆ ಅದಕ್ಕಿಂತ ಮುಖ್ಯವಾದ ಕಾರಣ ಬೇರೆ ಇತ್ತು. ಗೊಡೋ 3ರಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತಿರಲಿಲ್ಲ. ಒತ್ತು ಕೆಳಗೆ ಇಳಿಯದೆ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. 2023ರ ಮಾರ್ಚ್‌ನಲ್ಲಿ ಬಂದ 4ನೇ ಆವೃತ್ತಿಯಲ್ಲಿ ಅದು ಸರಿಹೋಯಿತು. ನಾನು ಬಳಸಿದ್ದು 4.4. ಅದರ ಸ್ಕ್ರಿಪ್ಟಿಂಗ್ ಭಾಷೆ ಜಿಡಿಸ್ಕ್ರಿಪ್ಟ್. ನೋಡಲು ಪೈಥಾನ್ ಥರವೇ ಇದೆ, ಎರಡು ದಿನದಲ್ಲಿ ಕೈ ಕುದುರಿತು.

ಆಟ ಸರಳ. ಮೇಲೆ ಒಂದು ಸುಳಿವು, ಕೆಳಗೆ ಖಾಲಿ ಚೌಕಗಳು. ಎಷ್ಟು ಅಕ್ಷರವೋ ಅಷ್ಟು ಚೌಕ. ಸರಿಯಾದ ಪದ ಟೈಪ್ ಮಾಡಿದರೆ 10 ಅಂಕ. ಒಂದು ವಾರದ ಕೆಲಸ ಅಂದುಕೊಂಡಿದ್ದೆ, ಒಂದೂವರೆ ತಿಂಗಳು ಹಿಡಿಯಿತು. ಹೆಚ್ಚಿನ ಸಮಯ ಹೋಗಿದ್ದು ಸ್ಟ್ರಿಂಗ್ ವೇರಿಯೇಬಲ್‌ಗಳ ಹಿಂದೆ. ಸ್ಟ್ರಿಂಗ್ ಅಂದರೆ ಅಕ್ಷರಗಳ ಸರಣಿ, ವೇರಿಯೇಬಲ್ ಅಂದರೆ ಬೆಲೆ ಇಟ್ಟುಕೊಳ್ಳುವ ಹೆಸರಿನ ಡಬ್ಬಿ. ಬಣ್ಣ, ಶಬ್ದ, ಬಟನ್ ಯಾವುದೂ ಅಷ್ಟು ಕಾಡಲಿಲ್ಲ.

ಮೊದಲ ಎರರ್ ಮೊದಲ ದಿನವೇ ಬಂತು. "ಅಂಕ: " ಅನ್ನುವ ಸ್ಟ್ರಿಂಗ್ ಪಕ್ಕ ಪ್ಲಸ್ ಹಾಕಿ ಸ್ಕೋರ್ ವೇರಿಯೇಬಲ್ ಸೇರಿಸಿದ್ದೆ. ಜಾವಾಸ್ಕ್ರಿಪ್ಟ್‌ನಲ್ಲಿ ಸಂಖ್ಯೆ ತಾನಾಗಿಯೇ ಸ್ಟ್ರಿಂಗ್ ಆಗಿ ಅಂಟಿಕೊಳ್ಳುತ್ತದೆ. ಇಲ್ಲಿ ಆಟ ಅಲ್ಲೇ ನಿಂತಿತು. ಸ್ಟ್ರಿಂಗ್ ಮತ್ತು ಇಂಟ್ (ಪೂರ್ಣಾಂಕ) ನಡುವೆ ಪ್ಲಸ್ ನಡೆಯುವುದಿಲ್ಲ ಅಂತ ಕೆಂಪು ಅಕ್ಷರದಲ್ಲಿ ಬಂತು. ಸಂಖ್ಯೆಯನ್ನು ಎಸ್‌ಟಿಆರ್ ಫಂಕ್ಷನ್ ಒಳಗೆ ಹಾಕಿದೆ, ಸರಿಹೋಯಿತು. ಆಮೇಲೆ ಶೇಕಡಾ ಚಿಹ್ನೆ ಹಾಕಿ ಸ್ಟ್ರಿಂಗ್ ಒಳಗೆ ಜಾಗ ಬಿಡುವ ವಿಧಾನ ಕಲಿತೆ. ಅದರಲ್ಲಿ ಎರಡು ಕಡೆ ಎಡವಿದೆ. ಜಾಗ ಎರಡಿದ್ದರೆ ಬೆಲೆಗಳನ್ನು ಒಂದು ಅರೇ, ಅಂದರೆ ಪಟ್ಟಿ, ಮಾಡಿ ಕೊಡಬೇಕು. ನಿಜವಾಗಿ ಶೇಕಡಾ ಚಿಹ್ನೆಯೇ ಕಾಣಬೇಕಿದ್ದರೆ ಅದನ್ನು ಎರಡು ಸಲ ಬರೆಯಬೇಕು. ಇಷ್ಟೇ. ಇಂಥ ಎರರ್‌ಗಳ ಬಗ್ಗೆ ನನಗೆ ದೂರಿಲ್ಲ. ಯಾವ ಸಾಲು, ಏನು ತಪ್ಪು ಅಂತ ಬಾಯಿಬಿಟ್ಟು ಹೇಳುತ್ತವೆ. ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ತಪ್ಪುಗಳೇ ನಿದ್ದೆ ಕೆಡಿಸುವುದು.

ಎರಡನೆಯದು ಅರ್ಧ ಮಾತಾಡುವ ಎರರ್. ಪದಗಳನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಂದರಂತೆ ಬರೆದಿಟ್ಟಿದ್ದೆ. ಸುಳಿವುಗಳು ಒಂದು ಡಿಕ್ಷನರಿಯಲ್ಲಿ ಇದ್ದವು. ಕೀಲಿ ಕೊಟ್ಟರೆ ಅದಕ್ಕೆ ಜೋಡಿಸಿದ ಬೆಲೆ ಕೊಡುವ ಕೋಷ್ಟಕ ಅದು, ಇಲ್ಲಿ ಪದವೇ ಕೀಲಿ. ಫೈಲ್ ಓದು, ಸಾಲು ಒಡೆ, ಪದ ಹಿಡಿದು ಸುಳಿವು ತೆಗೆ, "ಸುಳಿವು: " ಜೊತೆ ಸೇರಿಸು. ಓಡಿಸಿದೆ. ಸ್ಟ್ರಿಂಗ್ ಜೊತೆ ನಿಲ್ ಸೇರಿಸಲು ಆಗುವುದಿಲ್ಲ ಅಂತ ಬಂತು. ನಿಲ್ ಅಂದರೆ ಏನೂ ಇಲ್ಲ. ಸುಳಿವು ಸಿಕ್ಕಿಲ್ಲ ಅಂತ ಅರ್ಥ. ಆದರೆ ಡಿಕ್ಷನರಿಯಲ್ಲಿ 'ಮರ' ಕಣ್ಣೆದುರೇ ಇದೆ! ಕಾಗುಣಿತ ನೋಡಿದೆ, ಸರಿ ಇದೆ. ಡಿಕ್ಷನರಿಯಿಂದ ಕಾಪಿ ಮಾಡಿ ಫೈಲಿಗೆ ಹಾಕಿ ನೋಡಿದೆ, ಮತ್ತೆ ನಿಲ್.

ಹತ್ತು ಪದವನ್ನೂ ಒಂದೊಂದಾಗಿ ಹಾಕಿ ನೋಡಿದಾಗ ಒಂದು ವಿಚಿತ್ರ ಕಂಡಿತು. ಕೊನೆಯ ಪದಕ್ಕೆ ಮಾತ್ರ ಸುಳಿವು ಸಿಗುತ್ತಿತ್ತು, ಉಳಿದ ಒಂಬತ್ತಕ್ಕೆ ಇಲ್ಲ. ಕೊನೆಯ ಪದಕ್ಕೂ ಉಳಿದವಕ್ಕೂ ಏನು ವ್ಯತ್ಯಾಸ? ಕೊನೆಯ ಪದದ ಮುಂದೆ ನಾನು ಎಂಟರ್ ಒತ್ತಿರಲಿಲ್ಲ.

ಆಗ ಒಂದು ಪುಟ್ಟ ಫಂಕ್ಷನ್ ಬರೆದೆ. ಸ್ಟ್ರಿಂಗ್ ಕೊಟ್ಟರೆ ಅದರ ಉದ್ದ, ಒಳಗಿರುವ ಒಂದೊಂದು ಚಿಹ್ನೆಯ ಯುನಿಕೋಡ್ ಸಂಖ್ಯೆ ಎರಡನ್ನೂ ಪ್ರಿಂಟ್ ಮಾಡುತ್ತದೆ. ಭಾಷೆಗಳ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪದ್ಧತಿ ಯುನಿಕೋಡ್. ಜಿಡಿಸ್ಕ್ರಿಪ್ಟ್‌ನಲ್ಲಿ ಫಂಕ್ಷನ್‌ಗೆ ಕನ್ನಡದಲ್ಲೇ ಹೆಸರಿಡಬಹುದು. 'ಒಳಗೇನಿದೆ' ಅಂತ ಇಟ್ಟೆ. ನಾಲ್ಕೇ ಸಾಲು. ಈ ಇಡೀ ಕೆಲಸದಲ್ಲಿ ನಾನು ಬರೆದ ಅತಿ ಉಪಯೋಗದ ನಾಲ್ಕು ಸಾಲು ಅದೇ. 'ಮರ' ಕೊಟ್ಟಾಗ ಉದ್ದ 3 ಅಂತ ಬಂತು. ಸಂಖ್ಯೆಗಳು 3246, 3248, 13. ಮೊದಲನೆಯದು ಮ, ಎರಡನೆಯದು ರ. ಹದಿಮೂರು ಯಾರು?

ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಎಂಟರ್ ಒತ್ತಿದರೆ ಎರಡು ಚಿಹ್ನೆ ಬೀಳುತ್ತವೆ, 13 ಮತ್ತು 10. ಹಳೆಯ ಟೈಪ್‌ರೈಟರ್‌ನಲ್ಲಿ ಗಾಡಿಯನ್ನು ಬಲಕ್ಕೆ ತಳ್ಳುವುದು ಒಂದು, ಹಾಳೆಯನ್ನು ಮೇಲಕ್ಕೆ ಸರಿಸುವುದು ಇನ್ನೊಂದು. ಆ ನೆನಪು ಇನ್ನೂ ಉಳಿದುಕೊಂಡಿದೆ. ನಾನು 10ರ ಹತ್ತಿರ ಮಾತ್ರ ಒಡೆದಿದ್ದೆ. 13 ಪದದ ಬಾಲಕ್ಕೆ ಅಂಟಿಕೊಂಡಿತ್ತು. ಕಣ್ಣಿಗೆ ಕಾಣುವುದಿಲ್ಲ, ಆದರೆ ಡಿಕ್ಷನರಿಗೆ ಅದು ಬೇರೆಯೇ ಪದ. ಸ್ಟ್ರಿಪ್ ಎಡ್ಜಸ್ ಅನ್ನುವ ಫಂಕ್ಷನ್ ಹಾಕಿ ಎರಡೂ ತುದಿ ಒರೆಸಿದೆ. ಹತ್ತಕ್ಕೆ ಹತ್ತೂ ಸುಳಿವು ಬಂದವು.

ಮೂರನೆಯದು ಆಟ ಉಳಿಸುವ ಕೋಡಿನಲ್ಲಿ ಬಂತು. ಯಾವ ಹಂತದಲ್ಲಿ ಎಷ್ಟು ಅಂಕ ಅನ್ನುವುದನ್ನು ಡಿಕ್ಷನರಿಯಲ್ಲಿ ಇಟ್ಟು, ಜೇಸನ್ (ಮಾಹಿತಿ ಉಳಿಸುವ ಒಂದು ಪಠ್ಯ ರೂಪ) ಫೈಲ್ ಆಗಿ ಬರೆಯುತ್ತಿದ್ದೆ. ಕೀಲಿ ಹಂತದ ಸಂಖ್ಯೆ, ಅಂದರೆ 1, 2, 3. ಆಟ ಮುಚ್ಚಿ ತೆರೆದರೆ ಎಲ್ಲಾ ಹಂತಕ್ಕೂ ಮತ್ತೆ ಬೀಗ. ಎರರ್ ಇಲ್ಲ, ಕೆಂಪು ಇಲ್ಲ, ಏನೂ ಇಲ್ಲ. ಮಗು ಎರಡು ಸಲ ಮೊದಲಿಂದ ಆಡಿದಳು, ಪಾಪ. ಡಿಕ್ಷನರಿ ಪ್ರಿಂಟ್ ಮಾಡಿ ನೋಡಿದಾಗ ಕೀಲಿಗಳ ಸುತ್ತ ಉದ್ಧರಣ ಚಿಹ್ನೆ ಇತ್ತು. ಕೀಲಿಯ ಟೈಪ್, ಅಂದರೆ ಅದು ಯಾವ ಬಗೆಯದು ಅಂತ ಕೇಳಿದೆ, 4 ಅಂತ ಉತ್ತರ ಬಂತು. ಗೊಡೋದಲ್ಲಿ 2 ಅಂದರೆ ಇಂಟ್, 3 ಅಂದರೆ ಫ್ಲೋಟ್ (ದಶಮಾಂಶ ಸಂಖ್ಯೆ), 4 ಅಂದರೆ ಸ್ಟ್ರಿಂಗ್. ಜೇಸನ್‌ನಲ್ಲಿ ಕೀಲಿ ಯಾವಾಗಲೂ ಸ್ಟ್ರಿಂಗೇ. ನಾನು ಬರೆದಿದ್ದು ಅಂಕಿ 1, ಓದಿದಾಗ ಸಿಕ್ಕಿದ್ದು "1" ಅನ್ನುವ ಸ್ಟ್ರಿಂಗ್. ಹಂತ 1 ಇದೆಯಾ ಅಂತ ಕೇಳಿದರೆ ಇಲ್ಲ ಅನ್ನದೆ ಇನ್ನೇನು ಅಂದೀತು? ಬೆಲೆಗಳೂ ಬದಲಾಗಿದ್ದವು. 30 ಇದ್ದ ಅಂಕ 30.0 ಆಗಿತ್ತು, ಯಾಕೆಂದರೆ ಗೊಡೋ ಜೇಸನ್‌ನ ಸಂಖ್ಯೆಗಳನ್ನೆಲ್ಲ ಫ್ಲೋಟ್ ಮಾಡಿ ಓದುತ್ತದೆ. ಓದಿದ ಕೂಡಲೇ ಕೀಲಿ, ಬೆಲೆ ಎರಡನ್ನೂ ಇಂಟ್ ಮಾಡಿಕೊಳ್ಳುವ ಲೂಪ್ ಬರೆದೆ.

ಅವತ್ತಿನಿಂದ ಪ್ರತಿ ವೇರಿಯೇಬಲ್‌ಗೂ ಟೈಪ್ ಬರೆಯಲು ಶುರು ಮಾಡಿದೆ. ಜಿಡಿಸ್ಕ್ರಿಪ್ಟ್ ಅದನ್ನು ಕಡ್ಡಾಯ ಮಾಡಿಲ್ಲ. ಆದರೆ ಇದು ಸ್ಟ್ರಿಂಗ್ ಅಂತ ಹೇಳಿ ಅದಕ್ಕೆ ಸಂಖ್ಯೆ ಹಾಕಿದರೆ ಆಟ ಓಡಿಸುವ ಮೊದಲೇ ಎಡಿಟರ್ ತಡೆಯುತ್ತದೆ. ಹೊಸದಾಗಿ ಕಲಿಯುವವರು ಯಾರೇ ಕೇಳಿದರೂ ಇದನ್ನೇ ಮೊದಲು ಹೇಳುತ್ತೇನೆ.

ಇಲ್ಲಿಯವರೆಗಿನದು ಯಾವ ಭಾಷೆಯವರಿಗಾದರೂ ಬರುವ ತೊಂದರೆ. ಮುಂದಿನದು ನಮ್ಮದು.

ಆಟದಲ್ಲಿ 'ಹಿಂದೆ ಮುಂದೆ ಒಂದೇ' ಅನ್ನುವ ಹಂತ ಸೇರಿಸಿದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಪದ ಹೇಳಬೇಕು. ಸ್ಟ್ರಿಂಗ್ ತಿರುಗಿಸು, ಮೂಲದ ಜೊತೆ ಹೋಲಿಸು. ಎರಡು ಸಾಲಿನ ಕೋಡ್. ಕನಕ ಹಾಕಿದೆ, ಸರಿ. ಸರಸ, ನಯನ, ಜಲಜ, ಗದಗ, ಎಲ್ಲವೂ ಸರಿ. ಖುಷಿಯಿಂದ ಅವಳ ಕೈಗೆ ಕೊಟ್ಟೆ. ಅವಳು ಮೊದಲು ಟೈಪ್ ಮಾಡಿದ್ದೇ ಕಿಟಕಿ. ತಪ್ಪು ಅಂತ ಬಂತು. ಆಮೇಲೆ ವಿಕಟಕವಿ. ಅದೂ ತಪ್ಪು. ತೆನಾಲಿ ರಾಮನ ಬಿರುದೇ ತಪ್ಪಾದರೆ ಈ ಆಟದಲ್ಲಿ ಇನ್ನೇನು ಸರಿ?

"ಮಾಮ, ಚೌಕಾನೂ ಜಾಸ್ತಿ ಇದೆ. ಕಿಟಕಿಗೆ ಮೂರೇ ಅಲ್ವಾ?" ಅಂದಳು. ನೋಡಿದೆ. ಐದು ಚೌಕ ಇದ್ದವು.

'ಒಳಗೇನಿದೆ'ಗೆ ಕಿಟಕಿ ಕೊಟ್ಟೆ. 3221, 3263, 3231, 3221, 3263. ಸಂಖ್ಯೆಗಳನ್ನು ಹಾಳೆಯಲ್ಲಿ ಬರೆದುಕೊಂಡು ನೋಡುತ್ತಾ ಕೂತೆ. 3221 ಕ. 3231 ಟ. 3263 ಎರಡು ಸಲ ಬಂದಿದೆ. ಯಾವುದಿದು? ಗುಡಿಸು! ಒಂದನೇ ಕ್ಲಾಸಿನಲ್ಲಿ ರಾಗವಾಗಿ ಹೇಳುತ್ತಿದ್ದೆವಲ್ಲ, ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ. ಕಂಪ್ಯೂಟರ್ ಕೂಡ ಅದನ್ನು ಹಾಗೆಯೇ ಇಟ್ಟುಕೊಂಡಿದೆ. ಮೊದಲು ಕ, ಆಮೇಲೆ ಬೇರೆಯದಾಗಿ ಗುಡಿಸು. ನಮಗೆ ಕಿ ಒಂದು ಅಕ್ಷರ. ಅದಕ್ಕೆ ಎರಡು ಚಿಹ್ನೆ. ಸ್ಟ್ರಿಂಗ್ ತಿರುಗಿಸಿದಾಗ ಗುಡಿಸು ಎಲ್ಲಕ್ಕಿಂತ ಮುಂದೆ ಬಂದು ನಿಂತಿತ್ತು, ಹಿಡಿದುಕೊಳ್ಳಲು ವ್ಯಂಜನವೇ ಇಲ್ಲದೆ. ಎರಡನೇ ಗುಡಿಸು ಟ ಮೇಲೆ ಹತ್ತಿತ್ತು. ಪರದೆಯ ಮೇಲೆ ಚುಕ್ಕಿಗಳ ಒಂದು ಸುತ್ತು, ಅದರ ಮೇಲೆ ಗುಡಿಸು, ಆಮೇಲೆ ಕ, ಟಿ, ಕ.

ಕನಕ, ಸರಸ, ಗದಗ ಯಾಕೆ ಪಾಸಾದವು ಅನ್ನುವುದು ಆಗ ಹೊಳೆಯಿತು. ಅವುಗಳಲ್ಲಿ ಎಲ್ಲವೂ ಬರೀ ತಲಕಟ್ಟಿನ ಅಕ್ಷರ. ಅ-ಕಾರಕ್ಕೆ ಯುನಿಕೋಡ್‌ನಲ್ಲಿ ಬೇರೆ ಚಿಹ್ನೆಯೇ ಇಲ್ಲ. ವ್ಯಂಜನ ಒಂಟಿಯಾಗಿ ನಿಂತರೆ ಅ ಅದರೊಳಗೇ ಇದೆ ಅಂತ ಲೆಕ್ಕ. ಹಾಗಾಗಿ ಒಂದು ಅಕ್ಷರಕ್ಕೆ ಒಂದೇ ಸಂಖ್ಯೆ. ನನ್ನ ಪರೀಕ್ಷೆಯ ಪದಗಳೇ ತಪ್ಪನ್ನು ಮುಚ್ಚಿಟ್ಟಿದ್ದವು. ಕನ್ನಡದ ಕೋಡನ್ನು ಕನಕ, ಮರ, ಗದಗ ಹಾಕಿ ಪರೀಕ್ಷೆ ಮಾಡಿದರೆ ಇಂಗ್ಲಿಷ್ ಹಾಕಿ ಪರೀಕ್ಷೆ ಮಾಡಿದಂತೆಯೇ.

ಒತ್ತಕ್ಷರ ಇನ್ನೂ ಉದ್ದ. ಕ್ಷ ಬಿಡಿಸಿ ನೋಡಿದೆ: 3221, 3277, 3255. ನಡುವಿನದು ಹಲಂತದ ಚಿಹ್ನೆ. ಅಂದರೆ ಕ್, ಆಮೇಲೆ ಷ. 'ಕನ್ನಡ' ಪದದ ಉದ್ದ ಎಷ್ಟು ಅಂತ ಕೇಳಿದರೆ ಐದು ಅನ್ನುತ್ತದೆ. 'ಸ್ತ್ರೀ' ನಮಗೆ ಒಂದೇ ಅಕ್ಷರ, ಅದರೊಳಗೆ ಆರು ಚಿಹ್ನೆ.

ಇದನ್ನು ಗೊಡೋ ತಪ್ಪು ಅನ್ನಲು ಬರುವುದಿಲ್ಲ. ಅದು ಸ್ಟ್ರಿಂಗ್‌ನ ಉದ್ದ ಹೇಳುವಾಗ ಯುನಿಕೋಡ್ ಚಿಹ್ನೆಗಳನ್ನು ಎಣಿಸುತ್ತದೆ, ಸರಿಯಾಗಿಯೇ ಎಣಿಸಿದೆ. ಅಕ್ಷರ ಯಾವುದು ಅನ್ನುವುದನ್ನು ನಾನು ಹೇಳಿಕೊಡಬೇಕಿತ್ತು. ಹಾಗಾಗಿ ಅಕ್ಷರ ಒಡೆಯುವ ಫಂಕ್ಷನ್ ಬರೆಯಲು ಕೂತೆ. ನಿಯಮ ಕೇಳಲು ಸುಲಭ. ಎಡದಿಂದ ಒಂದೊಂದೇ ಚಿಹ್ನೆ ನೋಡುತ್ತಾ ಹೋಗು. ಸ್ವರ ಬಂದರೆ ಹೊಸ ಅಕ್ಷರ ಶುರು. ವ್ಯಂಜನ ಬಂದರೆ ಹಿಂದೆ ಹಲಂತ ಇದೆಯಾ ನೋಡು. ಇದ್ದರೆ ಅದು ಒತ್ತು, ಹಿಂದಿನ ಅಕ್ಷರಕ್ಕೇ ಸೇರಿಸು. ಇಲ್ಲದಿದ್ದರೆ ಹೊಸ ಅಕ್ಷರ. ಗುಡಿಸು, ಕೊಂಬು, ಎತ್ವ, ಸೊನ್ನೆ, ವಿಸರ್ಗ, ಹಲಂತ ಯಾವುದೇ ಬಂದರೂ ಹಿಂದಿನ ಅಕ್ಷರಕ್ಕೆ ಅಂಟಿಸು.

ಹೀಗೆ ಒಡೆದರೆ ಒಂದು ಅರೇ ಸಿಗುತ್ತದೆ: ಕಿ, ಟ, ಕಿ. ಈಗ ತಿರುಗಿಸಬೇಕಾದದ್ದು ಈ ಅರೇಯನ್ನು. ವಿಕಟಕವಿ ಹಾಕಿದಾಗ ವಿ, ಕ, ಟ, ಕ, ವಿ ಅಂತ ಐದು ತುಂಡು ಬಂತು, ತಿರುಗಿಸಿದರೂ ಅದೇ. ಚೌಕಗಳ ಲೆಕ್ಕವೂ ಸರಿಹೋಯಿತು. 'ಬಸ್' ಎಂದರೆ ಎಷ್ಟು ಚೌಕ ಅಂತ ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. ಬ ಒಂದು, ಸ್ ಒಂದು, ಒಟ್ಟು ಎರಡು ಅಂತ ತೀರ್ಮಾನ ಮಾಡಿದೆ. ಪದಬಂಧ ಬಿಡಿಸುವವರು ಹಾಗೆಯೇ ತುಂಬುತ್ತಾರೆ.

ಇಷ್ಟಾದ ಮೇಲೆ ಪಕ್ಕದ ಮನೆಯ ಮೇಷ್ಟ್ರು ಒಂದು ಪದಪಟ್ಟಿ ಕೊಟ್ಟರು. ನಿವೃತ್ತರು. ಮಕ್ಕಳಿಗೆ ಅಂತ ಯಾವಾಗಲೋ ಟೈಪ್ ಮಾಡಿಟ್ಟಿದ್ದ 300 ಪದ. ಯುನಿಕೋಡ್ ಬರುವ ಮುಂಚಿನ ಹಳೆಯ ಫಾಂಟ್‌ನಲ್ಲಿತ್ತು. ಒಂದು ಉಪಕರಣದಲ್ಲಿ ಹಾಕಿ ಯುನಿಕೋಡ್‌ಗೆ ಬದಲಿಸಿದೆ. ಓದಿ ನೋಡಿದೆ, ಎಲ್ಲಾ ಚೆನ್ನಾಗಿತ್ತು. ಆಟಕ್ಕೆ ಸೇರಿಸಿದೆ.

"ಹೂವು, ಹಣ್ಣು, ನೆರಳು ಎಲ್ಲಾ ಇರುವ ಜಾಗ." ಅವಳು ತೋಟ ಅಂತ ಟೈಪ್ ಮಾಡಿದಳು. ತಪ್ಪು. ಅಳಿಸಿ ಮತ್ತೆ ಮಾಡಿದಳು. ತಪ್ಪು. ಉತ್ತರ ತೋರಿಸು ಅಂತ ಒತ್ತಿದಳು. ಪರದೆಯ ಮೇಲೆ ತೋಟ ಅಂತಲೇ ಬಂತು. "ನಾನು ಬರೆದಿದ್ದೂ ಅದೇ ತಾನೇ?" ಅಂದಳು. ಅವಳ ಮುಖ ಸಪ್ಪಗಾಯಿತು. ಅವತ್ತು ರಾತ್ರಿ ಇದು ಮುಗಿಯದೆ ಮಲಗುವುದಿಲ್ಲ ಅಂತ ಕೂತೆ.

ಎರಡೂ ಸ್ಟ್ರಿಂಗ್‌ಗಳನ್ನು 'ಒಳಗೇನಿದೆ'ಗೆ ಕೊಟ್ಟೆ. ಅವಳು ಟೈಪ್ ಮಾಡಿದ್ದು: 3236, 3275, 3231. ಪಟ್ಟಿಯಲ್ಲಿದ್ದದ್ದು: 3236, 3270, 3266, 3285, 3231. ಒಂದು ಮೂರು, ಇನ್ನೊಂದು ಐದು. ಕಣ್ಣಿಗೆ ಎರಡೂ ತೋಟ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ಓತ್ವವನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. 3275 ಅಂದರೆ ಇಡೀ ಓತ್ವ ಒಂದೇ ಚಿಹ್ನೆ. ಇಲ್ಲವೇ ಬಿಡಿಬಿಡಿಯಾಗಿ: 3270 ಎತ್ವ, 3266 ಕೊಂಬಿನ ಇಳಿ, 3285 ದೀರ್ಘ. ಕೈಯಲ್ಲಿ ತೋ ಬರೆಯುವಾಗ ನಾವು ಮಾಡುವುದೂ ಅದನ್ನೇ ಅಲ್ವಾ? ಮೇಲೆ ಎತ್ವ, ಪಕ್ಕ ಕೊಂಬಿನ ಇಳಿ, ಕೊನೆಗೆ ದೀರ್ಘ. ಹಳೆಯ ಫಾಂಟ್‌ಗಳು ಅಕ್ಷರದ ಚೂರುಗಳನ್ನು ಹಾಗೆ ಜೋಡಿಸುತ್ತಿದ್ದವು. ನಾನು ಬಳಸಿದ ಉಪಕರಣ ಚೂರಿಗೆ ಚೂರು ಬದಲಿಸಿ ಕೊಟ್ಟಿತ್ತು. ಎರಡೂ ರೂಪ ಸಮ ಅಂತ ಯುನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಸ್ಟ್ರಿಂಗ್‌ಗಳನ್ನು ಹೋಲಿಸುವಾಗ ಗೊಡೋ ನೋಡುವುದು ಸಂಖ್ಯೆಗಳನ್ನು ಮಾತ್ರ.

ಕನ್ನಡದಲ್ಲಿ ಹೀಗೆ ಎರಡು ರೂಪ ಇರುವ ಸ್ವರ ಚಿಹ್ನೆಗಳು ಐದು. ಗುಡಿಸಿನ ದೀರ್ಘ, ಏತ್ವ, ಐತ್ವ, ಒತ್ವ, ಓತ್ವ. ಐದಕ್ಕೂ ಬಿಡಿ ರೂಪವನ್ನು ಕೂಡಿದ ರೂಪಕ್ಕೆ ಬದಲಿಸುವ ಕೋಡ್ ಬರೆದೆ. ಇಲ್ಲಿ ಕ್ರಮ ಮುಖ್ಯ. ಮೊದಲು ಎತ್ವ ಮತ್ತು ಕೊಂಬಿನ ಇಳಿ ಸೇರಿಸಿ ಒತ್ವ ಮಾಡಬೇಕು, ಆಮೇಲೆ ಒತ್ವ ಮತ್ತು ದೀರ್ಘ ಸೇರಿಸಿ ಓತ್ವ. ಮೊದಲ ಸಲ ಓತ್ವವನ್ನು ಮೊದಲು ಹುಡುಕಿದೆ. ಒತ್ವ ಇನ್ನೂ ತಯಾರೇ ಆಗಿರಲಿಲ್ಲ. ಕೊಡೆ ಸರಿಯಾಯಿತು, ತೋಟ ಆಗಲಿಲ್ಲ. ಎರಡು ಸಾಲು ಅದಲುಬದಲು ಮಾಡಿದ ಮೇಲೆ ತೋಟವೂ ಸರಿಯಾಯಿತು. ಆಗ ರಾತ್ರಿ ಒಂದೂವರೆ ಗಂಟೆ.

ಇನ್ನೊಂದು ಉಳಿದಿತ್ತು. ಪಟ್ಟಿಯ 'ಹೋಟೆಲ್' ಒಪ್ಪುತ್ತಿರಲಿಲ್ಲ. ಬಾಲದಲ್ಲಿ 8204 ಇತ್ತು. ಇದು ಕಾಣದ ಚಿಹ್ನೆ. ಹಲಂತದ ಮುಂದೆ ಬರುವ ವ್ಯಂಜನ ಒತ್ತಾಗದಂತೆ ತಡೆಯುವುದು ಇದರ ಕೆಲಸ. 'ರಾಜ್‌ಕುಮಾರ್' ಬರೆಯುವಾಗ ಜ್ ಕೆಳಗೆ ಕ ಒತ್ತಾಗದೆ ಬಿಡಿಯಾಗಿ ನಿಲ್ಲುವುದು ಇದರಿಂದಲೇ. ಸ್ಟ್ರಿಪ್ ಎಡ್ಜಸ್ ಇದನ್ನು ಮುಟ್ಟುವುದಿಲ್ಲ, ಅದು ಖಾಲಿ ಜಾಗ ಮತ್ತು ಅಂಥ ಹಳೆಯ ಚಿಹ್ನೆಗಳನ್ನಷ್ಟೇ ಒರೆಸುತ್ತದೆ. ಕೋಪದಲ್ಲಿ 8204 ಮತ್ತು ಅದರ ತಮ್ಮ 8205 ಎರಡನ್ನೂ ಎಲ್ಲಾ ಪದಗಳಿಂದ ಕಿತ್ತುಹಾಕಿದೆ. ಮಾರನೇ ದಿನ ನೋಡಿದರೆ 'ರ‍್ಯಾಂಕ್' ಹೋಗಿ 'ರ್ಯಾಂಕ್' ಆಗಿತ್ತು. ರ ಕೆಳಗೆ ಯ ಒತ್ತು ಬರಬೇಕಾದರೆ ನಡುವೆ 8205 ಇರಲೇಬೇಕು. ಇಲ್ಲದಿದ್ದರೆ ಯಾ ಪಕ್ಕ ಅರ್ಕಾವತ್ತು ಬಂದು ಕೂರುತ್ತದೆ.

ಹಾಗಾಗಿ ಪ್ರತಿ ಪದಕ್ಕೂ ಎರಡು ಸ್ಟ್ರಿಂಗ್ ಇಟ್ಟೆ. ಒಂದು ತೋರಿಸಲು, ಅದನ್ನು ಮುಟ್ಟುವುದಿಲ್ಲ. ಇನ್ನೊಂದು ಹೋಲಿಸಲು. ತುದಿ ಒರೆಸಿ, ಐದು ಸ್ವರ ಚಿಹ್ನೆ ಕೂಡಿಸಿ, ಕಾಣದ ಎರಡು ಚಿಹ್ನೆ ತೆಗೆದ ರೂಪ ಅದು. ಆಡುವವರು ಟೈಪ್ ಮಾಡಿದ್ದೂ ಅದೇ ದಾರಿಯಲ್ಲಿ ಹೋಗಿ ಬರುತ್ತದೆ. ಯಾರು ಯಾವ ಕೀಬೋರ್ಡ್ ಬಳಸಿದರೂ ಆಮೇಲೆ ತಕರಾರು ಬಂದಿಲ್ಲ.

ಈಗ ಸ್ಕ್ರಿಪ್ಟಿನ ಮೇಲ್ಗಡೆ ಪರೀಕ್ಷೆಯ ಪದಗಳ ಒಂದು ಅರೇ ಇದೆ. ಕನಕ, ಕಿಟಕಿ, ವಿಕಟಕವಿ, ಅಕ್ಷರ, ಕೊಡೆ, ತೋಟ, ಬಸ್, ಹೋಟೆಲ್, ರ‍್ಯಾಂಕ್, ಸ್ತ್ರೀ. ಎದುರಿಗೆ ಎಷ್ಟು ಚೌಕ ಬರಬೇಕು ಅನ್ನುವ ಸಂಖ್ಯೆ. ಏನೇ ಬದಲಿಸಿದರೂ ಮೊದಲು ಇವು ಪಾಸಾಗಬೇಕು. ಕನ್ನಡದಲ್ಲಿ ಏನಾದರೂ ಕಟ್ಟುತ್ತಿದ್ದರೆ ಈ ಪಟ್ಟಿಯನ್ನು ಹಾಗೆಯೇ ತೆಗೆದುಕೊಳ್ಳಿ, ನನಗೆ ಸಂತೋಷ.

ಮೊನ್ನೆ ಅವಳು ಫೋನ್ ಮಾಡಿದ್ದಳು. ಸ್ತ್ರೀ ಪದಕ್ಕೆ ಒಂದೇ ಚೌಕ ಬಂತು, ಕ್ಲಾಸಿನಲ್ಲಿ ಯಾರೂ ನಂಬಲಿಲ್ಲ, ಟೀಚರ್ ಮಾತ್ರ ಸರಿ ಅಂದರು ಅಂದಳು. ಮೇಷ್ಟ್ರು ಇನ್ನೂ 200 ಪದ ಕೊಟ್ಟಿದ್ದಾರೆ, ಈ ಸಲ ನೋಟ್ ಪುಸ್ತಕದಲ್ಲಿ ಕೈಯಿಂದ ಬರೆದು. ಭಾನುವಾರ ಟೈಪ್ ಮಾಡಲು ಕೂರುತ್ತೇನೆ.